ಅಂಗಡಿಯ ಲೆಕ್ಕ, ಮನೆಯ ಲೆಕ್ಕ

(ತೋಟದ ಲೈನು ಮನೆಗಳ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣ)



 ಮನೆಗೆ ಬೇಕಾದ ಕೆಲವು ಸಾಮಾನುಗಳನ್ನು ಮನೆಯಲ್ಲೇ ಮಾಡಿಕೊಂಡು ನಾಲ್ಕು ಕಾಸು ಉಳಿಸುವ ಬಗೆ ಮಾತನಾಡಬೇಕೆಂದು ನಮ್ಮನ್ನು ಕರೆದಿದ್ದೀರಿ. ಕೂಲಿ, ಬೋನಸ್ಸು, ಮನೆ ರಿಪೇರಿ ಎಂದು ಮಾತನಾಡುವ ಸಂಘದವರು ಸೀಗೆಕಾಯಿ, ಬೂದಿಯ ಮಾತಿಗೆ ಏಕೆ ಇಳಿದರು ಎಂದು ಕೆಲವರು ಕೇಳಬಹುದು. ಕೂಲಿ ಕೈಗೆ ಬರುವ ಮುಂಚೆಯೇ ಅದರಲ್ಲಿ ಒಂದು ಪಾಲು ಅಂಗಡಿಯ ಚೀಟಿಯಲ್ಲಿ ಕರಗಿ ಹೋಗಿರುತ್ತದೆ. ಅದಕ್ಕಾಗಿ ಇಳಿದಿದ್ದೇವೆ.

ನಾವು ಝರಾಸಂಗಂ ಸೀಮೆಯವರು. ಜಹೀರಾಬಾದ್, ನಾರಾಯಣಖೇಡ ಎರಡೂ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಆಮೇಲೆ ಆಂಧ್ರದ ಮೆದಕ ಜಿಲ್ಲೆಗೆ ಸೇರಿದವು; ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆ. ಆದುದರಿಂದ ನಮ್ಮ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ನಮ್ಮದು ಮಳೆಯನ್ನೇ ನಂಬಿದ ಕೆಂಪು ನೆಲ. ನಾರಾಯಣಖೇಡ ಕಡೆಯ ತಾಂಡಾಗಳಿಂದ ಎಷ್ಟೋ ಕುಟುಂಬಗಳು ಸುಗ್ಗಿ ಬಂತೆಂದರೆ ಕಬ್ಬು ಕಡಿಯಲು ಹೊರಡುತ್ತವೆ. ಹೊರಡುವ ಮುಂಚೆ ಮೇಸ್ತ್ರಿಯಿಂದ ಮುಂಗಡ. ತಿರುಗಿ ಬರುವಾಗ ಮುಂಗಡ ತೀರಿದ್ದರೆ ಪುಣ್ಯ. ಮುಂಗಡ ಕೊಟ್ಟು ಆಳನ್ನು ಕಟ್ಟಿಹಾಕುವುದನ್ನು 1976ರ ಜೀತ ನಿರ್ಮೂಲನ ಕಾಯ್ದೆ ಅಪರಾಧವೆಂದಿದೆ. ಆದರೆ ಕಾಯ್ದೆಯ ಪುಸ್ತಕಕ್ಕೂ ಕಬ್ಬಿನ ಗದ್ದೆಗೂ ದೂರ ಬಹಳ. ಲೈನಿನಲ್ಲಿರುವ ನಿಮಗೆ ಈ ಮುಂಗಡದ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಲೆಕ್ಕ ಹಾಕೋಣ. ಒಂದು ಮನೆಯಲ್ಲಿ ಶಾಂಪೂ ಚೀಟಿ, ಪಾತ್ರೆ ತಿಕ್ಕುವ ಪುಡಿ, ಸೊಳ್ಳೆ ಬತ್ತಿ, ಹಲ್ಲಿನ ಪುಡಿ, ನೆಲಕ್ಕೆ ಹಾಕುವ ವಾಸನೆ ನೀರು ಇವಕ್ಕೆಲ್ಲ ದಿನಕ್ಕೆ 10 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 300, ವರ್ಷಕ್ಕೆ 3650. ಚೀಟಿಗೆ ಒಂದು ರೂಪಾಯಿ, ಎರಡು ರೂಪಾಯಿ ಎಂದರೆ ಯಾರಿಗೂ ಭಾರವೆನಿಸುವುದಿಲ್ಲ. ಹಾಗೆ ಅನಿಸಬಾರದೆಂದೇ ಅದನ್ನು ಅಷ್ಟು ಸಣ್ಣದಾಗಿ ಕತ್ತರಿಸಿ ಮಾರುತ್ತಾರೆ. ದೊಡ್ಡ ಬಾಟಲಿ ಕೊಳ್ಳುವಷ್ಟು ಹಣ ಒಟ್ಟಿಗೆ ಕೈಯಲ್ಲಿಲ್ಲದವನು ದಿನವೂ ಚೀಟಿ ಹರಿಯುತ್ತಾನೆ. ಬಡವನಿಗೆ ಎಲ್ಲವೂ ಚಿಲ್ಲರೆಯೇ.

ಇನ್ನು ಮನೆಯಲ್ಲಿ ಏನು ಮಾಡಬಹುದು? ಮೊದಲು ಅಂಟುವಾಳ. ನಮ್ಮ ಕಡೆ ತೆಲುಗಿನವರ ಮಾತಿನಲ್ಲಿ ಕುಂಕುಡುಕಾಯಿ ಎನ್ನುತ್ತೇವೆ; ಮಲೆನಾಡಿನಲ್ಲಿ ನೊರೆಕಾಯಿ ಎಂದೂ ಕರೆಯುತ್ತಾರೆ. ಹತ್ತು ಕಾಯಿ ಒಡೆದು, ಒಳಗಿನ ಕಪ್ಪು ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ಬಿಸಿನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಕೈಯಿಂದ ಚೆನ್ನಾಗಿ ಹಿಸುಕಿ ಬಟ್ಟೆಯಲ್ಲಿ ಸೋಸಿದರೆ ನೊರೆ ಬರುವ ನೀರು ಸಿಕ್ಕಿತು. ತಲೆಗೂ ಆಗುತ್ತದೆ, ಬಟ್ಟೆಗೂ ಆಗುತ್ತದೆ. ಕಂಬಳಿ, ಉಣ್ಣೆಯ ಸ್ವೆಟರು, ಹಬ್ಬಕ್ಕೆ ತೆಗೆದಿಟ್ಟ ರೇಷ್ಮೆ ಸೀರೆ ಇವಕ್ಕೆ ಅಂಗಡಿಯ ಪುಡಿಗಿಂತ ಇದೇ ಲೇಸು. ಮಣ್ಣು, ಬೆವರು ಹಿಡಿದು ಗಟ್ಟಿಯಾದ ಕೆಲಸದ ಬಟ್ಟೆಗೆ ಮಾತ್ರ ಸಾಲದು. ಅದಕ್ಕೆ ಬಾರ್ ಸಾಬೂನು ಬೇಕೇ ಬೇಕು. ಆ ನೀರನ್ನು ಎರಡು ಮೂರು ದಿನಕ್ಕಿಂತ ಹೆಚ್ಚು ಇಟ್ಟರೆ ಹುಳಿ ವಾಸನೆ ಬರುತ್ತದೆ. ಕಣ್ಣಿಗೆ ಬಿದ್ದರೆ ಬಹಳ ಉರಿ, ಮಕ್ಕಳಿಗೆ ಸ್ನಾನ ಮಾಡಿಸುವಾಗ ಜೋಕೆ. ಇನ್ನೊಂದು ಮಾತು: ಅಂಟುವಾಳದ ನೀರು ಮೀನಿಗೆ ವಿಷ. ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡಿ, ಬಾಳೆಯ ಬುಡಕ್ಕೆ ಚೆಲ್ಲಿ.

ಪಾತ್ರೆಗೆ ಬೂದಿ. ಗ್ಯಾಸು ಬಂದ ಮನೆಯಲ್ಲೂ ಸ್ನಾನದ ನೀರಿಗೆ ಕಟ್ಟಿಗೆ ಒಲೆ ಉರಿಯುತ್ತಿದ್ದರೆ ಬೂದಿಗೆ ಬರವಿಲ್ಲ. ಜರಡಿ ಹಿಡಿದು ಡಬ್ಬಿಯಲ್ಲಿಡಿ. ತೆಂಗಿನ ನಾರಿನಿಂದ ತಿಕ್ಕಿದರೆ ಜಿಡ್ಡು ಹೋಗುತ್ತದೆ, ಹಿತ್ತಾಳೆಗಾದರೆ ಜೊತೆಗೆ ಹುಣಿಸೆಹಣ್ಣು. ಕಟ್ಟಿಗೆಯ ಬೂದಿ ಮಾತ್ರ ಆಗಬೇಕು. ಪ್ಲಾಸ್ಟಿಕ್ಕು, ಬಣ್ಣದ ಹಲಗೆ, ರಬ್ಬರು ಸುಟ್ಟ ಬೂದಿಯನ್ನು ಪಾತ್ರೆಗೆ ಮುಟ್ಟಿಸಲೇಬಾರದು.

ಕಾಳು ಕಾಯುವ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕೊಂಡು ತಂದ ಬೇಳೆಯನ್ನು ಹುಳು ತಿಂದರೆ ಅದು ಶಾಂಪೂವಿಗಿಂತ ದೊಡ್ಡ ನಷ್ಟ. ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ. ವಿ. ಸತೀಶ್ ಮೈಸೂರಿನವರು, 2023ರ ಮಾರ್ಚಿಯಲ್ಲಿ ತೀರಿಕೊಂಡರು. ಹಳ್ಳಿ ಹಳ್ಳಿಯಲ್ಲಿ ಸಂಘ ಕಟ್ಟಿದವರು ದಲಿತ ಹೆಣ್ಣುಮಕ್ಕಳು, ಹೆಚ್ಚಿನವರು ಕೂಲಿಯವರು, ಓದು ಬರಹ ಬಾರದವರು. ಜೋಳ, ನವಣೆ, ತೊಗರಿ, ಅಲಸಂದೆ ಹೀಗೆ ಹಲವು ತರಹದ ಬೀಜಗಳನ್ನು ಅವರು ಮನೆಯಲ್ಲೇ ಕಾಪಾಡಿದರು. ಝರಾಸಂಗಂ ಮಂಡಲದ ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು ಅವರದೇ ಒಂದು ರೇಡಿಯೋ ಶುರುವಾಯಿತು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಬಹುಮಾನವೂ ಬಂತು. ಇಷ್ಟೆಲ್ಲ ಹೆಸರು ಬಂದದ್ದು ಯಾವ ದೊಡ್ಡ ಗೋದಾಮಿನಿಂದಲೂ ಅಲ್ಲ. ಸಗಣಿ ಸಾರಿಸಿದ ಬಿದಿರು ಬುಟ್ಟಿ, ಒಣಗಿದ ಬೇವಿನ ಸೊಪ್ಪು, ಒಲೆಯ ಬೂದಿ ಇಷ್ಟೇ ಸಾಮಾನು.

ಅದೇ ಕ್ರಮ ಲೈನು ಮನೆಗೂ ಹೊಂದುತ್ತದೆ. ಕಾಳನ್ನು ಬಿಸಿಲಿಗೆ ಹಾಕಿ, ಅದು ತಣ್ಣಗಾದ ಮೇಲೆ ತುಂಬಿ. ಬಿಸಿಯಿರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಸ್ಟು ಬರುತ್ತದೆ. ಬೇವನ್ನು ನೆರಳಿನಲ್ಲಿ ಒಣಗಿಸಿ ಪದರ ಪದರವಾಗಿ ಹಾಕಿ. ಬೀಜಕ್ಕೆ ಇಡುವ ಕಾಳಿಗೆ ಬೂದಿ ಕಲಸಬಹುದು. ತಿನ್ನುವ ಬೇಳೆಗೆ ಔಡಲ ಎಣ್ಣೆ ಸವರಿ, ಕಿಲೋಗೆ ಒಂದು ಸಣ್ಣ ಚಮಚಕ್ಕಿಂತ ಹೆಚ್ಚು ಬೇಡ. ಬೇಯಿಸುವ ಮುಂಚೆ ಚೆನ್ನಾಗಿ ತೊಳೆಯಬೇಕು. ನಮ್ಮ ಒಣ ಸೀಮೆಗಿಂತ ನಿಮ್ಮ ಮಳೆಗಾಲ ಕಾಳಿಗೆ ದೊಡ್ಡ ವೈರಿ. ಆದುದರಿಂದ ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸಬೇಡಿ. ಹಲಗೆಯ ಮೇಲಿಡಿ.

ಕೌದಿಯ ಮಾತು ಬಿಟ್ಟರೆ ನಮ್ಮ ಊರಿನ ಅಜ್ಜಿಯರು ನಮ್ಮನ್ನು ಮನೆಗೆ ಸೇರಿಸರು. ಹಳೆಯ ಸೀರೆ, ಧೋತರ ಮೂರು ನಾಲ್ಕು ಪದರ ಹಾಸಿ, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಗೆ ಹಾಕುತ್ತಾ ಹೋದರೆ ಕೌದಿ. ಖರ್ಚು ದಾರಕ್ಕೆ ಮಾತ್ರ. ಮಲೆನಾಡಿನ ಚಳಿಗೆ ಎರಡು ಕೌದಿ ಇದ್ದರೆ ಮಕ್ಕಳು ಬೆಚ್ಚಗೆ ಮಲಗುತ್ತಾರೆ.

ಮನೆಯಲ್ಲಿ ಮಾಡಿದ್ದೆಲ್ಲ ಒಳ್ಳೆಯದೆಂದು ಮಾತ್ರ ತಿಳಿಯಬೇಡಿ. ನಮ್ಮ ಗಡಿ ಸೀಮೆಯಲ್ಲಿ ತಂಬಾಕನ್ನು ಹುರಿದು ಪುಡಿ ಮಾಡಿ ಮಿಶ್ರಿ ಎಂದು ಹಲ್ಲಿಗೆ ತಿಕ್ಕುತ್ತಾರೆ. ಅಗ್ಗವೇನೋ ಸರಿ, ಆದರೆ ತಂಬಾಕು ಬಾಯಿ ಕ್ಯಾನ್ಸರಿಗೆ ದಾರಿ, ಚಟವೂ ಬಿಡದು. ಇಟ್ಟಿಗೆ ಪುಡಿ ಹಲ್ಲನ್ನು ತೇಯುತ್ತದೆ. ಬೇವಿನ ಕಡ್ಡಿ ಸಾಕು. ಬೇವಿನ ಸೊಪ್ಪಿನ ಹೊಗೆ ಹಾಕಿ ಸೊಳ್ಳೆ ಓಡಿಸುತ್ತೇವೆ ಎನ್ನುವವರಿದ್ದಾರೆ. ಮುಚ್ಚಿದ ಕೋಣೆಯಲ್ಲಿ ಆ ಹೊಗೆ ಕುಡಿಯುವುದು ಸೊಳ್ಳೆಗಿಂತ ಹೆಚ್ಚಾಗಿ ಹಸುಗೂಸು. ಒಂದು ಸೊಳ್ಳೆ ಪರದೆ ಕೊಳ್ಳಿ, ಹರಿದರೆ ಹೊಲಿಯಿರಿ.

ಸಾಬೂನು ಮಾಡುವುದನ್ನು ಕಲಿಸಿರೆಂದು ಸಹೋದರಿಯರು ಕೇಳಿದ್ದಾರೆ. ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಸೇರಿದರೆ ಸಾಬೂನು ಆಗುತ್ತದೆ, ನಿಜ. ಆದರೆ ಕಾಸ್ಟಿಕ್ಕು ಕೈ ಸುಡುತ್ತದೆ, ಕಣ್ಣು ಕಳೆಯುತ್ತದೆ. ಅದನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಅದರ ಮೇಲೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆಯನ್ನು ಅದು ತಿಂದುಹಾಕುತ್ತದೆ. ಕೊಯ್ದ ಬಿಲ್ಲೆ ಮೂರು ನಾಲ್ಕು ವಾರ ಒಣಗಬೇಕು. ಮೇಲಾಗಿ ಎಣ್ಣೆಯನ್ನು ಅಂಗಡಿಯಿಂದಲೇ ತರುವ ಒಂದು ಮನೆಗೆ ಇದರಲ್ಲಿ ಉಳಿತಾಯವೇ ಇಲ್ಲವೆಂದು ನಮ್ಮ ಅಭಿಪ್ರಾಯ. ಹತ್ತು ಮನೆಯವರು ಸೇರಿ ಪೇಟೆಯಿಂದ ಒಂದು ಪೆಟ್ಟಿಗೆ ಬಾರ್ ಸಾಬೂನು ಸಗಟು ದರದಲ್ಲಿ ತಂದು ಹಂಚಿಕೊಳ್ಳಿ. ಕೈಯೂ ಉಳಿಯುತ್ತದೆ, ಕಾಸೂ ಉಳಿಯುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ತೋಟದಲ್ಲಿ ಔಷಧಿ ಹೊಡೆದ ಮೇಲೆ ಉಳಿಯುವ ಖಾಲಿ ಡಬ್ಬಿ, ಕ್ಯಾನುಗಳನ್ನು ಉಳಿತಾಯವೆಂದು ಮನೆಗೆ ತಂದು ಕುಡಿಯುವ ನೀರಿಗೆ, ಎಣ್ಣೆಗೆ, ಅಕ್ಕಿಗೆ ಇಡುವವರಿದ್ದಾರೆ. ಮೂರು ಸಾರಿ ಬೂದಿ ಹಾಕಿ ತೊಳೆದರೂ ವಿಷ ಪ್ಲಾಸ್ಟಿಕ್ಕಿನಲ್ಲಿ ಕುಳಿತಿರುತ್ತದೆ. ಅಂಥ ಡಬ್ಬಿ ಮನೆಯ ಹೊಸ್ತಿಲು ದಾಟಬಾರದು. ಕೀಟನಾಶಕದ ಬಳಕೆ, ದಾಸ್ತಾನು, ಸಾಗಣೆಯಲ್ಲಿ ಕೆಲಸಗಾರರಿಗೆ ಅಪಾಯವಾಗದಂತೆ ಏರ್ಪಾಡು ಮಾಡುವುದು ಮಾಲಿಕರ ಹೊಣೆಯೆಂದು 2010ರಲ್ಲೇ ತೋಟ ಕಾರ್ಮಿಕರ ಕಾಯ್ದೆಗೆ ಸೇರಿಸಲಾಯಿತು; 2020ರ ಸುರಕ್ಷತಾ ಸಂಹಿತೆಯಲ್ಲೂ ಆ ಹೊಣೆ ಅವರದೇ. ಖಾಲಿ ಡಬ್ಬಿಗಳನ್ನು ಎಲ್ಲಿ ಹಾಕುತ್ತೀರೆಂದು ರೈಟರನ್ನು ಕೇಳಿ. ಒಬ್ಬರೇ ಕೇಳಬೇಡಿ, ಐದಾರು ಜನ ಸೇರಿ ಕೇಳಿ.

ಮಗುವಿಗೆ ಭೇದಿಯಾದಾಗ ಕೊಡುವ ನೀರೂ ಮನೆಯಲ್ಲೇ ಆಗುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಣ್ಣ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ. ಆಶಾ ಕಾರ್ಯಕರ್ತೆಯ ಬಳಿ ಓಆರ್‌ಎಸ್ ಪೊಟ್ಟಣ ಇದ್ದರೆ ಅದನ್ನೇ ಕೊಡಿ. ಮಗು ಸುಸ್ತಾಗಿ ಕುಡಿಯದೇ ಹೋದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆ. ಅಲ್ಲಿ ಉಳಿತಾಯದ ಯೋಚನೆ ಬೇಡ.

ಇಷ್ಟು ಹೇಳಿದ ಮೇಲೆ ಎರಡು ಪ್ರಶ್ನೆ ಉಳಿಯುತ್ತವೆ. ಅಂಟುವಾಳ ಒಡೆಯುವವರು ಯಾರು? ಕಾಳು ಒಣಹಾಕುವವರು, ಕೌದಿ ಹೊಲಿಯುವವರು ಯಾರು? ಬೆಳಿಗ್ಗೆಯಿಂದ ಹಣ್ಣು ಕೊಯ್ದು, ಸೌದೆ ಹೊತ್ತು, ನೀರು ತಂದು, ಅಡಿಗೆ ಮಾಡಿದ ಹೆಂಗಸೇ ಇದನ್ನೂ ಮಾಡಬೇಕೆಂದರೆ ಅದು ಉಳಿತಾಯವಲ್ಲ, ಅವಳ ನಿದ್ದೆಯ ಕಳ್ಳತನ. ಅಣ್ಣತಮ್ಮಂದಿರು ಭಾನುವಾರ ಆರಾಧನೆ ಮುಗಿದ ಮೇಲೆ ಇಸ್ಪೀಟು ಬಿಟ್ಟು ಒಂದು ಗಂಟೆ ಕಾಯಿ ಒಡೆಯಲಿ, ಬೂದಿ ಜರಡಿ ಹಿಡಿಯಲಿ. ನಗುತ್ತಿದ್ದೀರಿ, ನಾವು ತಮಾಷೆಗೆ ಹೇಳುತ್ತಿಲ್ಲ.

ಎರಡನೆಯದು ಕೂಲಿಯ ಪ್ರಶ್ನೆ. ಇವರು ಬೂದಿಯಲ್ಲೇ ಸಂಸಾರ ಮಾಡುತ್ತಾರೆ, ಕೂಲಿ ಏಕೆ ಹೆಚ್ಚಿಸಬೇಕು ಎಂದು ಯಾರಾದರೂ ಕೇಳಿದರೆ ಸುಮ್ಮನಿರಬೇಡಿ. ಮನೆಯಲ್ಲಿ ಉಳಿಸಿದ್ದು ನಮ್ಮದು, ಕೂಲಿ ಅವರು ಕೊಡಬೇಕಾದದ್ದು. ಒಂದಕ್ಕೆ ಇನ್ನೊಂದು ವಜಾ ಆಗುವುದಿಲ್ಲ. ಎಲೀಷನ ಬಳಿಗೆ ಬಂದ ವಿಧವೆಯ ಸಂಗತಿ ನಿಮಗೆಲ್ಲ ಗೊತ್ತು. ಸಾಲಗಾರ ಅವಳ ಎರಡು ಮಕ್ಕಳನ್ನು ಜೀತಕ್ಕೆ ಒಯ್ಯಲು ಬಂದಿದ್ದ. ಪ್ರವಾದಿ ಮೊದಲು ಕೇಳಿದ್ದು ಮನೆಯಲ್ಲಿ ಏನಿದೆ ಎಂದು. ಇದ್ದದ್ದು ಒಂದು ಕುಡಿಕೆ ಎಣ್ಣೆ. ಬರೀ ಪಾತ್ರೆಗಳನ್ನು ನೆರೆಹೊರೆಯವರು ಕೊಟ್ಟರು. ಎಣ್ಣೆ ಮಾರಿ ಬಂದ ಹಣದಲ್ಲಿ ಮೊದಲು ಸಾಲ ತೀರಿತು. ಉಳಿದದ್ದು ತಾಯಿ ಮಕ್ಕಳ ಹೊಟ್ಟೆಗೆ. ನಮ್ಮ ಉಳಿತಾಯಕ್ಕೂ ಅದೇ ಕ್ರಮವಿರಲಿ. ತಿಂಗಳಿಗೆ 100 ರೂಪಾಯಿ ಉಳಿದರೂ ಅದನ್ನು ಅಂಗಡಿಯ ಹಳೆ ಬಾಕಿಗೆ ಕಟ್ಟಿ, ಚೀಟಿಯಲ್ಲಿ ಕಳೆದು ಬರೆಸಿ, ಚೀಟಿಯನ್ನು ನೀವೇ ಇಟ್ಟುಕೊಳ್ಳಿ. ಓದಲು ಬಾರದವರು ಶಾಲೆಗೆ ಹೋಗುವ ಮಗನಿಂದ, ಮಗಳಿಂದ ಓದಿಸಿ. ಬಾಕಿ ತೀರಿದ ಮೇಲೆ ಹಣ ಅಂಚೆ ಕಚೇರಿಯ ಪಾಸ್‌ಬುಕ್ಕಿಗೆ ಹೋಗಲಿ, ಅದೂ ಮನೆಯ ಹೆಂಗಸಿನ ಹೆಸರಿನಲ್ಲಿ.

ಊರಿನಿಂದ ಒಂದು ಚೀಲ ಅಂಟುವಾಳ ತಂದಿದ್ದೇವೆ. ಸಿಪ್ಪೆ ಬಳಸಿದ ಮೇಲೆ ಬೀಜ ಎಸೆಯಬೇಡಿ. ಸಿಪ್ಪೆ ಗಟ್ಟಿ, ಕಲ್ಲಿಗೆ ಸ್ವಲ್ಪ ಉಜ್ಜಿ ಒಂದು ರಾತ್ರಿ ಬಿಸಿನೀರಿನಲ್ಲಿ ನೆನೆಸಿ ಊರಿದರೆ ಮೊಳಕೆ ಬೇಗ. ಮರ ಕಾಯಿ ಬಿಡಲು ಹಲವು ವರ್ಷ ಬೇಕು, ಆದುದರಿಂದ ಲೈನಿನ ಹಿಂದೆ ಯಾರೂ ಕಡಿಯದ ಜಾಗ ನೋಡಿ ಊರಿ. ಬೇಕಾದವರು ಬಾಗಿಲ ಬಳಿಯಿರುವ ಸಹೋದರಿಯ ಹತ್ತಿರ ಹೆಸರು ಬರೆಸಿ, ಮನೆಗೆ ಇಪ್ಪತ್ತು ಕಾಯಿಯಂತೆ ತೆಗೆದುಕೊಂಡು ಹೋಗಿ.