ಚಿಪ್‌ಗೊಂದು ಚಿಪ್ಪು



ತೆಂಗಿನಕಾಯಿ ಕೊಳ್ಳುವಾಗ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತೇವಲ್ಲ, ಬಾಹ್ಯಾಕಾಶಕ್ಕೆ ಹೊರಟ ಐಸಿಗಳಿಗೂ, ಅಂದರೆ ಚಿಪ್ ಕೂತ ಡಬ್ಬಿಗಳಿಗೂ, ಹೆಚ್ಚುಕಡಿಮೆ ಅದೇ ಪರೀಕ್ಷೆ. ನಡುಗುವ ಯಂತ್ರದ ಮೇಲೆ ಕೂರಿಸಿ, ಸಣ್ಣ ಪೆಟ್ಟು ಕೊಟ್ಟು, ಒಳಗೇನಾದರೂ ಸದ್ದಾಗುತ್ತದೆಯೇ ಎಂದು ಸಂವೇದಕದ ಮೂಲಕ ಆಲಿಸುತ್ತಾರೆ. ಕಾಯಿ ಕುಲುಕಿದರೆ ಚೀಲಕ್ಕೆ ಹಾಕಿಕೊಳ್ಳುತ್ತೇವೆ. ಐಸಿ ಕುಲುಕಿದರೆ ಅದಕ್ಕೆ ಯಾನದ ಭಾಗ್ಯವಿಲ್ಲ. ಬೆಸುಗೆಯ ಹರಳೊಂದು ಒಳಗೆ ಉದುರಿರಬಹುದು. ನೆಲದ ಮೇಲೆ ಅದು ಮೂಲೆಯಲ್ಲಿ ತೆಪ್ಪಗೆ ಬಿದ್ದಿರುತ್ತದೆ. ತೂಕವಿಲ್ಲದ ಕಡೆ ತೇಲಾಡುತ್ತ ಎರಡು ತಂತಿಗಳ ನಡುವೆ ಕೂತರೆ ಶಾರ್ಟ್. ಅಲ್ಲಿಗೆ ಯಾವ ಮೆಕ್ಯಾನಿಕ್ ಹೋಗುತ್ತಾನೆ?

ಕನ್ನಡದಲ್ಲಿ ಚಿಪ್ಪು ಅಂದರೆ ಹೊರಗಿನ ಗಟ್ಟಿ ಕವಚ. ಇಂಗ್ಲಿಷಿನ ಚಿಪ್ ಒಳಗಿನ ಸಿಲಿಕಾನ್ ಚೂರು. ಚಿಪ್‌ನ ಚರಿತ್ರೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಹೇಳುವುದು ಚಿಪ್ಪಿನ ಕಥೆ.

1960ರ ದಶಕ. ಚಂದ್ರನಿಗೆ ದಾರಿ ತೋರಬೇಕಾದ ಅಪೊಲೊ ಕಂಪ್ಯೂಟರನ್ನು ಎಂಐಟಿಯ ಪ್ರಯೋಗಾಲಯ ರೂಪಿಸಿತು, ರೇಥಿಯಾನ್ ಕಂಪನಿ ತಯಾರಿಸಿತು. ಅದರ ಪ್ರೋಗ್ರಾಮನ್ನು ಮ್ಯಾಸಚೂಸೆಟ್ಸ್‌ನ ವಾಲ್ಥಮ್ ಊರಿನ ಕಾರ್ಖಾನೆಯಲ್ಲಿ ಹೆಂಗಸರು ಕೈಯಲ್ಲಿ ಹೆಣೆದರು. ಹೌದು, ಹೆಣೆದರು. ಎದುರಿಗೆ ಪುಟಾಣಿ ಅಯಸ್ಕಾಂತೀಯ ಬಳೆಗಳ ಸಾಲು, ಕೈಯಲ್ಲಿ ಸೂಜಿ, ಸೂಜಿಯ ಹಿಂದೆ ಕೂದಲೆಳೆಯಂಥ ತಾಮ್ರದ ತಂತಿ. ತಂತಿ ಬಳೆಯೊಳಗೆ ತೂರಿದರೆ ಒಂದು, ಪಕ್ಕದಲ್ಲಿ ಹಾದುಹೋದರೆ ಸೊನ್ನೆ. ಯಾವ ಬಳೆ ಎಂಬುದನ್ನು ಪಂಚ್ ಟೇಪಿನಿಂದ ನಡೆಯುವ ಯಂತ್ರ ತೋರಿಸುತ್ತಿತ್ತು. ಹೀಗೆ 36,864 ಪದಗಳ ಸ್ಮೃತಿ, ಅಂದರೆ ಮೆಮೊರಿ. ಹೆಣಿಗೆ ಮುಗಿದ ಮೇಲೆ ಅದರ ಮೇಲೆ ರಾಳ ಹೊಯ್ದು ಗಟ್ಟಿ ಮಾಡುತ್ತಿದ್ದರು. ರಾಕೆಟ್ಟಿನ ನಡುಕಕ್ಕೆ ಒಂದು ಎಳೆಯೂ ಅಲುಗಬಾರದು. ಆದರೆ ತಪ್ಪು ಹೆಣೆದಿದ್ದರೆ ಅದೂ ಶಾಶ್ವತ.

ಆ ರಾಳ ಹೊಯ್ದ ಹೆಣಿಗೆಯ ಬೆಲೆ ಗೊತ್ತಾಗಿದ್ದು 1969ರ ನವೆಂಬರ್ 14ರಂದು. ಅಪೊಲೊ 12 ನೆಲ ಬಿಟ್ಟು ಒಂದು ನಿಮಿಷವೂ ಆಗಿಲ್ಲ, ಎರಡು ಸಲ ಸಿಡಿಲು ಬಡಿಯಿತು. ಯಾತ್ರಿಗಳ ಮುಂದಿನ ಬಹುತೇಕ ಎಚ್ಚರಿಕೆ ದೀಪಗಳು ಹೊತ್ತಿಕೊಂಡವು. ಕಂಪ್ಯೂಟರು ಒಮ್ಮೆ ತಡವರಿಸಿ ಮತ್ತೆ ಶುರುವಾಯಿತು. ಹೆಣೆದ ಪ್ರೋಗ್ರಾಮಿನ ಒಂದು ಅಕ್ಷರವೂ ಅಳಿಸಿರಲಿಲ್ಲ.

ಮುಂದೆ ಸ್ಮೃತಿಯೂ ಸಿಲಿಕಾನಿಗೆ ಬಂತು. ಪ್ಲಾಸ್ಟಿಕ್ಕು ತೇವ ಹೀರುತ್ತದೆ, ನಿರ್ವಾತದಲ್ಲಿ ಅನಿಲ ಕಾರುತ್ತದೆ ಎಂದು ದುಬಾರಿ ಐಸಿಗಳನ್ನು ಸೆರಾಮಿಕ್ ಡಬ್ಬಿಯಲ್ಲಿಟ್ಟು, ಲೋಹದ ಮುಚ್ಚಳ ಬೆಸೆದು, ಗಾಳಿಯೂ ಆಡದಂತೆ ಮುಚ್ಚುತ್ತಿದ್ದರು. ಇದಕ್ಕಿಂತ ಭದ್ರವಾದದ್ದು ಇನ್ನೇನಿದೆ? ಆದರೂ 1970ರ ದಶಕದ ಕೊನೆಗೆ ಇಂಟೆಲ್‌ನ ಮೆಮೊರಿಗಳಲ್ಲಿ ಸೊನ್ನೆ ಇದ್ದದ್ದು ಒಂದಾಗುತ್ತಿತ್ತು, ಒಂದು ಇದ್ದದ್ದು ಸೊನ್ನೆ. ತಪ್ಪಿದ ಜಾಗಕ್ಕೇ ಮತ್ತೆ ಬರೆದರೆ ಎಲ್ಲ ಸರಿ! 1978ರಲ್ಲಿ ಅಲ್ಲಿನವರೇ ಆದ ಟಿಮೊಥಿ ಮೇ ಮತ್ತು ಮರೇ ವುಡ್ಸ್ ಕಾರಣ ಬಯಲು ಮಾಡಿದರು. ಆ ಸೆರಾಮಿಕ್ಕಿನಲ್ಲೇ ಯುರೇನಿಯಂ, ಥೋರಿಯಂಗಳ ಲೇಶವಿತ್ತು. ಅದರಿಂದ ಹೊರಟ ಆಲ್ಫಾ ಕಣಗಳೇ ಈ ಸೊನ್ನೆ-ಒಂದುಗಳನ್ನು, ಅಂದರೆ ಬಿಟ್ಟುಗಳನ್ನು, ಮಗುಚುತ್ತಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಕವಚದಂತೆ ಲೇಪವೂ ಕೈಕೊಡುತ್ತದೆ. ತವರಕ್ಕೆ ಮೀಸೆ ಬರುವುದನ್ನು ಕೇಳಿದ್ದೀರಾ? ತಮಾಷೆಯಲ್ಲ. ಶುದ್ಧ ತವರದ ಲೇಪದಿಂದ ಕೂದಲಿನಂಥ ಎಳೆಗಳು ತಾವಾಗಿ ಬೆಳೆಯುತ್ತವೆ, ಪಕ್ಕದ ತಂತಿಯನ್ನು ಮುಟ್ಟುತ್ತವೆ. 1998ರ ಮೇ ತಿಂಗಳಲ್ಲಿ ಗ್ಯಾಲಕ್ಸಿ 4 ಉಪಗ್ರಹ ಕೈಕೊಟ್ಟು ಅಮೆರಿಕದ ಕೋಟ್ಯಂತರ ಪೇಜರುಗಳು ಮೂಕವಾದದ್ದಕ್ಕೆ ಈ ಮೀಸೆಯೇ ಕಾರಣ ಎಂಬ ತೀರ್ಮಾನಕ್ಕೆ ತನಿಖೆ ಮಾಡಿದವರು ಬಂದರು. ತವರಕ್ಕೆ ಸ್ವಲ್ಪ ಸೀಸ ಬೆರೆಸಿದರೆ ಮೀಸೆಯ ಹಾವಳಿ ತಗ್ಗುತ್ತದೆ. ಅದಕ್ಕೇ ಮನೆಬಳಕೆಯ ಸಾಮಾನಿನಿಂದ ಸೀಸವನ್ನು ಓಡಿಸಿದ ಮೇಲೂ ಬಾಹ್ಯಾಕಾಶದವರು ಅದನ್ನು ಬಿಡಲೊಲ್ಲರು.

ಈ ನಡುವೆ, 1985ರಲ್ಲಿ, ಜೈಲಿಂಕ್ಸ್ ಕಂಪನಿ ಹೊಸದೊಂದು ಚಿಪ್ ತಂದಿತ್ತು. ಅದು ಎಫ್‌ಪಿಜಿಎ. ಇದರಲ್ಲಿ ಪ್ರೋಗ್ರಾಮ್ ಮಾತ್ರವಲ್ಲ, ಸರ್ಕಿಟ್ಟನ್ನೇ ಮತ್ತೆ ಮತ್ತೆ ಬರೆಯಬಹುದು. 2004ರಲ್ಲಿ ಮಂಗಳಕ್ಕಿಳಿದ ಸ್ಪಿರಿಟ್, ಆಪರ್ಚುನಿಟಿ ರೋವರುಗಳ ಮೋಟಾರು ನಡೆಸಲು ಇಂಥವೇ ಬಳಕೆಯಾದವು. ಅನುಕೂಲವೇ ಅಪಾಯವೂ ಹೌದು. ವಿಶ್ವಕಿರಣವೊಂದು ಬಿಟ್ಟನ್ನು ಮಗುಚಿದರೆ ಲೆಕ್ಕ ತಪ್ಪುವುದಷ್ಟೇ ಅಲ್ಲ, ಸರ್ಕಿಟ್ಟೇ ಬೇರೆಯಾಗಿಬಿಡುತ್ತದೆ. ಎಷ್ಟು ದಪ್ಪ ಲೋಹ ಹೊದಿಸಿದರೂ ಕೆಲವು ಕಣಗಳು ತೂರಿಯೇ ತೂರುತ್ತವೆ. ಇಲ್ಲಿ ಚಿಪ್ಪು ಸೋತಿತು ಅನ್ನಬೇಕು. ಹಾಗಾಗಿ ಒಂದೇ ಸರ್ಕಿಟ್ಟನ್ನು ಮೂರು ಸಲ ಬರೆದು, ಇಬ್ಬರು ಒಪ್ಪಿದ್ದೇ ಸರಿ ಎಂದು ಪಂಚಾಯಿತಿ ಮಾಡಿಸುವ ರೂಢಿ ಬಂತು.

ಒಳಗಿನ ಚಿಪ್ ಸತ್ತೇ ಹೋದರೆ? 1977ರಲ್ಲಿ ಹೊರಟ ವಾಯೇಜರ್ 1 ನೌಕೆ 2023ರ ನವೆಂಬರಿನಲ್ಲಿ ಇದ್ದಕ್ಕಿದ್ದಂತೆ ಅರ್ಥವಿಲ್ಲದ ಮಾತಾಡತೊಡಗಿತು. ಮೆಮೊರಿಯ ಒಂದು ಚಿಪ್ ಸತ್ತಿತ್ತು. ಅದು ಇದ್ದದ್ದು 2,400 ಕೋಟಿ ಕಿಲೋಮೀಟರಿಗೂ ಆಚೆ. ಡಬ್ಬಿ ಬಿಚ್ಚುವ ಮಾತೇ ಇಲ್ಲ. ಸತ್ತ ಚಿಪ್‌ನಲ್ಲಿದ್ದ ಕೋಡು ಇಡಿಯಾಗಿ ಕೂರುವಷ್ಟು ಜಾಗ ಬೇರೆಲ್ಲೂ ಇರಲಿಲ್ಲ. ಎಂಜಿನಿಯರುಗಳು ಅದನ್ನು ತುಂಡು ಮಾಡಿ, ಸಿಕ್ಕ ಸಂದಿಗಳಲ್ಲಿ ತುರುಕಿ, ತುಂಡುಗಳು ಒಂದನ್ನೊಂದು ಹುಡುಕಿಕೊಳ್ಳುವಂತೆ ವಿಳಾಸ ತಿದ್ದಿದರು. 2024ರ ಏಪ್ರಿಲ್ 18ರಂದು ಆದೇಶ ಹೊರಟಿತು. ಹೋಗಲು ಸುಮಾರು ಇಪ್ಪತ್ತೆರಡೂವರೆ ಗಂಟೆ, ಬರಲೂ ಅಷ್ಟೇ. 20ರಂದು ಉತ್ತರ ಬಂತು. ಈ ಸಲ ಅರ್ಥವಾಯಿತು.