ಆ ತಾಯಿಯ ಜೊತೆ ಇವತ್ತು ಯಾರು ಮಾತಾಡಿದರು?

ಮದುವೆ ಮನೆಯಲ್ಲೋ ಬಸ್ಸಿನಲ್ಲೋ ಮಗುವೊಂದು ರಂಪ ಮಾಡಿದರೆ ಸುತ್ತ ಇದ್ದವರ ಕಣ್ಣು ಎಲ್ಲಿಗೆ ಹೋಗುತ್ತೆ? ನೇರವಾಗಿ ತಾಯಿಯ ಕಡೆಗೆ. 'ಹೆತ್ತವಳು ಬುದ್ಧಿ ಕಲಿಸಿಲ್ಲ' ಅಂತ ತೀರ್ಪು ಬಂದೇಬಿಡುತ್ತೆ. ಈ ಕೋರ್ಟಿನಲ್ಲಿ ಸಾಕ್ಷಿ ಇಲ್ಲ, ಅಪೀಲು ಇಲ್ಲ. ಅಪ್ಪನ ಹೆಸರಂತೂ ಆರೋಪಪಟ್ಟಿಯಲ್ಲೇ ಇರೋದಿಲ್ಲ!

ಇವತ್ತು ನಾನು ಆ ತಾಯಿಯ ಪರ ವಕಾಲತ್ತು ಹಾಕ್ತಿದೀನಿ.

ಮೊದಲು ಮನೆಯೊಳಗೆ ಏನಾಗುತ್ತೆ ನೋಡಿ. ಮಗು ಮೊಬೈಲ್ ಕೇಳುತ್ತೆ. ಅಮ್ಮ ಬೇಡ ಅಂತಾಳೆ. ಮಗು ಕಿರುಚುತ್ತೆ, ಅಮ್ಮ ಗದರುತ್ತಾಳೆ. ಮಗು ನೆಲಕ್ಕೆ ಬಿದ್ದು ಹೊರಳಾಡುತ್ತೆ. ಬೆಳಗಿನಿಂದ ದುಡಿದು ಸುಸ್ತಾದವಳು 'ತಗೊಂಡು ಹಾಳಾಗು' ಅಂತ ಕೊಟ್ಟುಬಿಡ್ತಾಳೆ. ಅಲ್ಲಿಗೆ ಇಬ್ಬರೂ ಪಾಠ ಕಲಿತರು. ಕಿರುಚಿದರೆ ಸಿಗುತ್ತೆ ಅಂತ ಮಗು, ಕೊಟ್ಟರೆ ನೆಮ್ಮದಿ ಅಂತ ಅಮ್ಮ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ಪ್ಯಾಟರ್ಸನ್ ಮನೆಗಳನ್ನು ಗಮನಿಸಿ ಬಿಡಿಸಿಟ್ಟದ್ದು ಇದೇ ಸುಳಿಯನ್ನು.

ಹಾಗಾದರೆ ತಾಯಿಗೆ ತರಬೇತಿ ಕೊಟ್ಟರೆ ಮುಗೀತಲ್ಲ ಅಂತೀರಾ? ಅದೇ ದೇಶದ ರಾಬರ್ಟ್ ವಾಲರ್ ಕೊಟ್ಟು ನೋಡಿದರು. 1980ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇದ್ದವರು ಬಡ ತಾಯಂದಿರು. ತರಬೇತಿ ನಡೆಯುವಷ್ಟು ದಿನ ಮಕ್ಕಳು ಸುಧಾರಿಸಿದರು. ಆಮೇಲೆ ನೋಡಿದರೆ ಮತ್ತೆ ಮೊದಲಿನ ಹಾಗೇ! ಆದರೆ ಒಂದು ಸಂಗತಿ ಕಣ್ಣಿಗೆ ಬಿತ್ತು. ತಾಯಿ ಗೆಳತಿಯರ ಜೊತೆ ಹೆಚ್ಚು ಬೆರೆತ ದಿನ ಅವಳ ಸಿಡುಕೂ ಕಡಿಮೆ, ಮಗುವಿನ ಹಟವೂ ಕಡಿಮೆ.

ಅದು ಸಣ್ಣ ಅಧ್ಯಯನ, ಒಪ್ಪಿದೆ. ಆದರೆ ಇನ್ನೊಂದು ಮಾತು ಕೇಳಿ. ಆ ತಾಯಂದಿರ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ ಅಂತಲ್ಲ. ನೆಂಟರು ಬರ್ತಿದ್ದರು, ಸಂಸ್ಥೆಗಳವರು ಬರ್ತಿದ್ದರು. ಕೊರತೆ ಇದ್ದದ್ದು ಗೆಳೆತನಕ್ಕೆ.

'ಅವಿಭಕ್ತ ಕುಟುಂಬ ಹೋಯ್ತು, ಅದಕ್ಕೇ ಮಕ್ಕಳು ಹಾಳಾದರು' ಅಂತ ಹಾಡೋರು ಇದನ್ನು ಕೇಳಿಸ್ಕೋಬೇಕು. ಮನೆ ತುಂಬ ಜನ ಇದ್ದು, ಎಲ್ಲರೂ ಸೊಸೆಯ ತಪ್ಪು ಎಣಿಸೋರೇ ಆದರೆ ಅದು ಆಸರೆ ಹೇಗಾಗುತ್ತೆ ಸ್ವಾಮಿ? ಬಾಡಿಗೆಯ ಒಂಟಿ ಕೋಣೆಯಲ್ಲಿದ್ದರೂ, 'ಮಗೂನ ನಾನು ನೋಡ್ಕೋತೀನಿ, ನೀನು ಒಂದು ಗಳಿಗೆ ಮಲಗಮ್ಮ' ಅನ್ನೋ ಪಕ್ಕದ ಮನೆಯಾಕೆ ಇದ್ದಾಳಲ್ಲ, ಅವಳು ಆಸರೆ.

ಸರ್ಕಾರದ ಪಾಲೂ ಇದೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಅಂತ ನಮ್ಮ ರಾಜ್ಯ 2023ರಲ್ಲಿ ಘೋಷಿಸಿತು. ಹೆಸರು ಕೂಸಿನದು, ಉಸಿರಾಡೋಕೆ ಬಿಡುವು ಸಿಗೋದು ತಾಯಿಗೆ. ನಿಮ್ಮೂರಿನ ಕೂಸಿನ ಮನೆಗೆ ಬೀಗ ಬಿದ್ದಿದ್ದರೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಮಗುವಿನ ವರ್ತನೆ ಕೈಮೀರಿದೆ, ದಾರಿ ಕಾಣ್ತಿಲ್ಲ ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕಾಸಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಪ್ಪಂದಿರೇ, ರಾತ್ರಿ ಮನೆಗೆ ಹೋದ ತಕ್ಷಣ 'ಮಗ ಇವತ್ತು ಏನು ಗಲಾಟೆ ಮಾಡಿದ' ಅಂತ ವಿಚಾರಣೆ ಶುರು ಮಾಡಬೇಡಿ. ಮಗನನ್ನು ಕರ್ಕೊಂಡು ಅರ್ಧ ಗಂಟೆ ಹೊರಗೆ ಸುತ್ತಾಡಿ ಬನ್ನಿ. ಅತ್ತೆಯಂದಿರೇ, ನೆರೆಯವರೇ, ಹಟ ಮಾಡೋ ಮಗು ಕಂಡಾಗ 'ಹೇಗೆ ಬೆಳೆಸಿದ್ದೀಯಮ್ಮ' ಅನ್ನೋ ಮೊದಲು, 'ಊಟ ಆಯ್ತೇನಮ್ಮ' ಅಂತ ಕೇಳಿ.