ಹೃದಯದ ನೆರೆಹೊರೆ



ಹೃದಯದ ಬಡಿತ ತಾಳ ತಪ್ಪಿದಾಗ ಮಾಡುವ ಕ್ಯಾತಿಟರ್ ಅಬ್ಲೇಷನ್ ಬಗ್ಗೆ ಮಾತಾಡಲು ಹೇಳಿದ್ದೀರಿ. ತೊಡೆಸಂದಿನ ರಕ್ತನಾಳದ ಮೂಲಕ ಸಣ್ಣ ನಳಿಕೆಯನ್ನು ಹೃದಯಕ್ಕೆ ಕಳಿಸಿ, ತೊಂದರೆ ಕೊಡುವ ಜಾಗವನ್ನು ಹೆಚ್ಚಾಗಿ ಬಿಸಿಯಿಂದಲೋ ಅತಿಶೀತದಿಂದಲೋ ಸುಮ್ಮನಾಗಿಸುವುದೇ ಅಬ್ಲೇಷನ್. ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆ ಹಲವರಲ್ಲಿ ಶ್ವಾಸಕೋಶದಿಂದ ರಕ್ತ ತರುವ ಅಭಿಧಮನಿಗಳಲ್ಲಿ ಹುಟ್ಟುತ್ತದೆ ಎಂದು ಫ್ರಾನ್ಸಿನ ಬೋರ್ಡೊ ನಗರದ ಮಿಶೆಲ್ ಹೈಸಾಗೆರ್ ಅವರ ತಂಡ 1998ರಲ್ಲಿ ತೋರಿಸಿತು. ಅಲ್ಲಿಂದ ಈ ಚಿಕಿತ್ಸೆ ಬೆಳೆಯಿತು.

ನಮ್ಮ ಮುಂಬೈ ಫ್ಲ್ಯಾಟುಗಳಲ್ಲಿ ಒಂದು ಗೋಡೆಗೆ ಮೊಳೆ ಹೊಡೆದರೆ ಪಕ್ಕದ ಮನೆಗೂ ತಟ್ಟುತ್ತದೆ. ಹೃದಯವೂ ಹಾಗೆಯೇ. ಅದರ ಎಡ ಮೇಲ್ಕೋಣೆಯ ಗೋಡೆ ಕೆಲವೇ ಮಿಲಿಮೀಟರ್ ದಪ್ಪ. ಅದರ ಬೆನ್ನಿಗೆ ಅಂಟಿದಂತೆ ಅನ್ನನಾಳವಿದೆ. ಬಲಗಡೆಯ ಅಭಿಧಮನಿಯ ಹತ್ತಿರ, ಉಸಿರಾಟಕ್ಕೆ ವಪೆಯನ್ನು ಆಡಿಸುವ ಫ್ರೆನಿಕ್ ನರ ಹಾದುಹೋಗುತ್ತದೆ.

ಕ್ಯಾತ್‌ಲ್ಯಾಬ್‌ನಲ್ಲಿ ಕೆಲಸ ಮಾಡುವ ನಾವು ಈ ನೆರೆಹೊರೆಯನ್ನು ಕಾಯುತ್ತಲೇ ಇರುತ್ತೇವೆ. ಅನ್ನನಾಳದ ಹತ್ತಿರ ಶಾಖ ಕಡಿಮೆ ಕೊಡುತ್ತಾರೆ. ಹಲವು ಕಡೆ ಅದರೊಳಗೆ ಉಷ್ಣತೆ ಅಳೆಯುವ ತಂತಿ ಇಡುತ್ತಾರೆ. ಶೀತ ಕೊಡುವಾಗ ಫ್ರೆನಿಕ್ ನರವನ್ನು ಪ್ರಚೋದಿಸಿ, ರೋಗಿಯ ಹೊಟ್ಟೆಯ ಮೇಲೆ ಕೈಯಿಟ್ಟು ವಪೆಯ ಮಿಡಿತ ನೋಡುತ್ತೇವೆ. ಮಿಡಿತ ಕುಂದಿದರೆ ತಕ್ಷಣ ನಿಲ್ಲಿಸುತ್ತೇವೆ.

ಆದರೆ ಒಂದು ಅಪಾಯ ಮನೆಗೆ ಹೋದ ಮೇಲೆ ಬರುವಂಥದು. ಬಹಳ ಅಪರೂಪಕ್ಕೆ ಅನ್ನನಾಳಕ್ಕೂ ಹೃದಯಕ್ಕೂ ನಡುವೆ ರಂಧ್ರವಾಗುತ್ತದೆ. ಅಪರೂಪವಾದರೂ ಪ್ರಾಣಕ್ಕೇ ಕುತ್ತು. ಸಾಮಾನ್ಯವಾಗಿ ಒಂದು ವಾರದಿಂದ ಎರಡು ತಿಂಗಳೊಳಗೆ ಜ್ವರ, ಎದೆನೋವು, ನುಂಗಲು ಕಷ್ಟ, ರಕ್ತವಾಂತಿ, ಕೈಕಾಲು ಸೋಲುವುದು, ಮಾತು ತೊದಲುವುದು ಕಾಣಿಸಬಹುದು. ಅಷ್ಟು ಹೊತ್ತಿಗೆ ಅಬ್ಲೇಷನ್ ಮರೆತೇ ಹೋಗಿರುತ್ತದೆ. ವೈರಲ್ ಜ್ವರವೆಂದು ಮಾತ್ರೆ ನುಂಗಿ ಮಲಗುತ್ತಾರೆ.

ಹಾಗೆ ಮಾಡಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, ‘ಇಂಥ ತಾರೀಕು ಅಬ್ಲೇಷನ್ ಆಗಿದೆ’ ಎಂಬ ಮಾತನ್ನೇ ಮೊದಲು ಹೇಳಿ. ಅಬ್ಲೇಷನ್ ಮಾಡಿದ ವೈದ್ಯರಿಗೂ ಫೋನ್ ಮಾಡಿ. ಇಲ್ಲಿ ಮೊದಲು ಬೇಕಾದದ್ದು ಎದೆಯ ಸಿ.ಟಿ. ಸ್ಕ್ಯಾನ್. ನುಂಗಲು ಕಷ್ಟವೆಂದು ಯಾರಾದರೂ ಎಂಡೊಸ್ಕೋಪಿಗೆ ಹೊರಟರೆ ತಡೆದು ಅಬ್ಲೇಷನ್ ವಿಷಯ ತಿಳಿಸಿ. ಅದರಲ್ಲಿ ಊದುವ ಗಾಳಿ ಆ ರಂಧ್ರದಿಂದ ಹೃದಯಕ್ಕೆ, ಅಲ್ಲಿಂದ ಮಿದುಳಿಗೆ ಹೋಗಬಹುದು.

ಇದನ್ನು ಕೇಳಿ ಚಿಕಿತ್ಸೆಗೆ ಹೆದರಬೇಕಿಲ್ಲ. ಹೆಚ್ಚಿನವರು ಒಂದೆರಡು ದಿನದಲ್ಲಿ ನಡೆದೇ ಮನೆಗೆ ಹೋಗುತ್ತಾರೆ. ಮನೆಯಲ್ಲಿ ಎಲ್ಲರ ಫೈಲು, ಮಾತ್ರೆ ನೆನಪಿಡುವವರು ನಾವೇ. ನಮ್ಮದೇ ಜ್ವರವನ್ನು ಮುಚ್ಚಿಟ್ಟು ಅಡುಗೆಮನೆಗೆ ಹೋಗುವವರೂ ನಾವೇ. ಅಬ್ಲೇಷನ್ ತಾರೀಕನ್ನು ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಎರಡು ತಿಂಗಳು ಅದು ಮನೆಮಂದಿಯ ಕಣ್ಣಿಗೆ ಬೀಳುತ್ತಿರಲಿ.